ಹಾಲುತುಪ್ಪ ಕಂಡ ಹೆಬ್ಬೆರಳು

ಕಂತು ಒಂಬತ್ತು

ಮೂಗಮ್ಮ ಗಂಡನ ಎಡಗೈಗೆ ಸುತ್ತಿದ್ದ ಟವೆಲನ್ನು ಬಿಚ್ಚಿ, ಆ ಕೈಯನ್ನು ಎತ್ತಿ ವಕೀಲಮ್ಮನ ಮೇಜಿನ ಮೇಲೆ ಇಟ್ಟಳು. ಸಂತೆಯಲ್ಲಿ ತಕ್ಕಡಿಗೆ ಗೆಡ್ಡೆಕೋಸು ಇಟ್ಟ ಹಾಗೆ.

"ಎಣಿಸ್ಕಳಿ ತಾಯಿ," ಅಂದಳು.

ಮೂರು ಬೆರಳು ಪೂರ್ತಿ ಇದ್ದವು. ತೋರುಬೆರಳು ಅರ್ಧ ಇತ್ತು. ಹೆಬ್ಬೆರಳು ಇರಬೇಕಾದ ಜಾಗ ಹೊಳೆಕಲ್ಲಿನ ಹಾಗೆ ನುಣ್ಣಗಿತ್ತು.

ಕೈಯ ಪಕ್ಕದಲ್ಲೇ, ನಮ್ಮ ದೂರಿಗೆ ವಿಮಾ ಕಂಪನಿ ಕೊಟ್ಟ ಜವಾಬಿನ ಜೆರಾಕ್ಸ್ ಇತ್ತು. ಹಿಂದಿನ ದಿನ ತಾನೆ ಬಂದದ್ದು. ಚಿಕ್ಕಬಸವಯ್ಯ ಪೂರ್ತಿ ಗುಣವಾಗಿದ್ದಾನೆ, ಹಾಗಂತ ಅವನೇ ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದ್ದಾನೆ, ಆದ್ದರಿಂದ ಅಂಗವೈಕಲ್ಯದ ತಿಂಗಳ ಪರಿಹಾರವನ್ನು ನಿಲ್ಲಿಸಿದ್ದೇವೆ ಎಂದು ಭದ್ರಛತ್ರ ವಿಮಾ ಕಂಪನಿಯವರು ಬರೆದಿದ್ದರು. ಜೊತೆಗೆ ಲಗತ್ತಿಸಿದ್ದ ಆ ಹೇಳಿಕೆಯ ಕೆಳಗೆ ತಾರೀಕು, ೨೦೦೬ರ ಫೆಬ್ರವರಿ ಹದಿನಾಲ್ಕು. ತಾರೀಕಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಒಂದು ಕಪ್ಪು ಗುರುತು. ಗುರುತಿನ ಕೆಳಗೆ ಅಚ್ಚಿನ ಅಕ್ಷರ.

ನನಗೆ ಓದು ನಿಧಾನ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. 'ಎಡಗೈ ಹೆಬ್ಬೆಟ್ಟಿನ ಗುರುತು.'

ಮೇಜಿನ ಮೇಲಿದ್ದ ಕೈ ನೋಡಿದೆ. ಮತ್ತೆ ಕಾಗದ ನೋಡಿದೆ.

ಈಗ ವಕೀಲಮ್ಮನ ಕಚೇರಿ ಕೆಲಸಕ್ಕೆ ಬರುವ ನಾನು ಗುಂಡ್ಲುಪೇಟೆ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಜವಾನನಾಗಿದ್ದವನು. ಹೆಸರು ಕೂಗುವುದು, ಹೆಬ್ಬೆಟ್ಟು ಒತ್ತಿಸುವುದು, ಎರಡೇ ಕೆಲಸ. ಗಂಡಸರಿಗೆ ಎಡಗೈ, ಹೆಂಗಸರಿಗೆ ಬಲಗೈ. ಯಾವ ಕಚೇರಿಗೆ ಹೋದರೂ ಇದೇ ರೂಢಿ. ಗುಮಾಸ್ತರಾದವರು ಇದನ್ನು ಯೋಚನೆ ಮಾಡಿ ಮಾಡುವುದಿಲ್ಲ. ಊಟಕ್ಕೆ ಕೂತಾಗ ಯಾವ ಕೈ ಅಂತ ಯಾರು ಯೋಚನೆ ಮಾಡುತ್ತಾರೆ?

"ಅಮ್ಮಾ," ಅಂದೆ. "ಇಲ್ದೆ ಇರೋ ಬೆರಳಲ್ಲಿ ಒತ್ತವ್ರೆ."

ವಕೀಲಮ್ಮ ಶಿವರಂಜಿನಿ ಕಾಗದವನ್ನು ಕಸಿದುಕೊಂಡರು. ಇನ್ನೂ ಮೂವತ್ತು ತುಂಬದ ಹುಡುಗಿ. ಕಾನೂನು ನೆರವು ಸಮಿತಿಯವರು ಈ ಕೇಸಿಗೆ ನೇಮಿಸಿದ ವಕೀಲರು, ಕಕ್ಷಿಗಾರರಿಂದ ಒಂದು ಕಾಸೂ ಮುಟ್ಟುವ ಹಾಗಿಲ್ಲ. ಮೂಗಮ್ಮನಿಗೆ ಇದು ಒಪ್ಪಿಗೆಯಿಲ್ಲ. ಬಂದಾಗಲೆಲ್ಲ ಒಂದು ಚಿಪ್ಪು ಬಾಳೆಹಣ್ಣು ತರುತ್ತಾಳೆ. ವಕೀಲಮ್ಮ ಬೇಡ ಅನ್ನುತ್ತಾರೆ. ಅವಳು ಅದನ್ನು ಹೊರಗೆ ಬೇವಿನ ಮರದ ಕೆಳಗೆ ಕೂರುವ ಟೈಪಿಸ್ಟ್ ಗಂಗಾಧರಸ್ವಾಮಿಯ ಬೆಂಚಿನ ಮೇಲೆ ಇಟ್ಟು ಹೋಗುತ್ತಾಳೆ. ಈ ಕೇಸು ಬೇಗ ಮುಗಿಯದಿರಲಿ ಎಂದು ಬಯಸುವ ಮನುಷ್ಯ ಇಡೀ ತಾಲ್ಲೂಕಿನಲ್ಲಿ ಅವನೊಬ್ಬನೇ.

ವಕೀಲಮ್ಮನ ಮುಖದಲ್ಲಿ ನಗು ಬಂತು. ನಾಲ್ಕು ತಿಂಗಳಿಂದ ನಿಂತ ಪರಿಹಾರ ಸೋಮವಾರವೇ ಮತ್ತೆ ಶುರುವಾಗಬಹುದು ಅಂದರು. ಸೋಮವಾರ ಚಾಮರಾಜನಗರದ ಗ್ರಾಹಕರ ವೇದಿಕೆಯಲ್ಲಿ ವಿಚಾರಣೆ. ಈ ಹೆಬ್ಬೆಟ್ಟು ಇವನದಲ್ಲ, ಯಾರೋ ಬೇರೆಯವರದು ಅಂತ ತೋರಿಸಿದರೆ ಕಂಪನಿಯ ಜವಾಬು ಅಲ್ಲಿಗೇ ಬಿದ್ದುಹೋಗುತ್ತದೆ.

ಮೂಗಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ನಾಲ್ಕು ತಿಂಗಳಿಂದ ಅವಳು ಬೇಗೂರಿನ ಹತ್ತಿರ ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಾಳೆ. ಬೆರಳ ಸಂದಿಯೆಲ್ಲ ಹಳದಿ. ಮಗಳ ಕಾಲೇಜು ಬಿಡಿಸುವ ಮಾತು ಮನೆಯಲ್ಲಿ ಎರಡು ಸಲ ಬಂದು ಹೋಗಿದೆ. ಸೋಮವಾರವೂ ಇಲ್ಲ ಅಂದರೆ ಮೂರನೇ ಸಲ ಬರುತ್ತದೆ, ಬಂದದ್ದು ಹೋಗುವುದಿಲ್ಲ.

ಅದುವರೆಗೂ ಚಿಕ್ಕಬಸವಯ್ಯ ಮಾತೇ ಆಡಿರಲಿಲ್ಲ. ಸೊಂಟಕ್ಕೆ ಕಬ್ಬಿಣದ ರಾಡು ಹಾಕಿರುವುದರಿಂದ ಅವನು ಕುರ್ಚಿಯ ಅಂಚಿನಲ್ಲಿ ಓರೆಯಾಗಿ, ಯಾವಾಗಲೂ ಎದ್ದು ಹೋಗುವವನ ಹಾಗೆ ಕೂರುತ್ತಾನೆ. ಈಗ ನಿಧಾನವಾಗಿ ಬಾಗಿ ಕಾಗದದ ಗುರುತನ್ನು ನೋಡಿದ. ತಲೆ ಆ ಕಡೆ ಈ ಕಡೆ ಓಲಿಸಿ ನೋಡಿದ.

"ಇದು ನಂದೇ ಕಣಣ್ಣ," ಅಂದ.

ವಕೀಲಮ್ಮನ ಪೆನ್ನು ನಿಂತಿತು.

"ಇಲ್ನೋಡು, ಮೀನ್ ಮುಳ್ನಂಗೆ ಗೆರೆ ಅದಲ್ಲ? ಚಿಕ್ಕೋನಾಗಿದ್ದಾಗ ಉಲ್ ಕುಯ್ಯಕ್ಕೋಗಿ ಕುಡ್ಲು ತಾಕ್ಸ್ಕಂಡಿದ್ದು. ನಂದೇ."

ಮೂಗಮ್ಮನೂ ಬಾಗಿದಳು. ಅವಳ ಕಣ್ಣಲ್ಲಿ ನೀರು ಬಂತು. ಅವರದೇ ಕಣವ್ವ, ಅಂತ ಜೆರಾಕ್ಸನ್ನು ಸವರಿದಳು. ಗಂಡ ಹೆಂಡತಿ ಇಬ್ಬರೂ ತೀರಿಹೋದ ನೆಂಟನ ಫೋಟೋ ಸಿಕ್ಕಿದವರ ಹಾಗೆ ಆ ಗುರುತನ್ನು ನೋಡುತ್ತ ಕೂತರು.

ವಕೀಲಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. ಎರಡು ನಿಮಿಷದ ಹಿಂದೆ ಗೆದ್ದ ಕೇಸು. ಈಗ ನಮ್ಮ ಕಕ್ಷಿಗಾರನೇ ಕಂಪನಿಯ ಪರವಾಗಿ ಸಾಕ್ಷಿ ಹೇಳಿ ಕೂತಿದ್ದ.

ನಾನು ಭೂತಗನ್ನಡಿ ಹಿಡಿದು ನೋಡಿದೆ. ಮೀನಿನ ಮುಳ್ಳಿನ ಹಾಗೆ ನಡುವೆ ಒಂದು ಗೆರೆ, ಅಕ್ಕಪಕ್ಕ ಸಣ್ಣ ಸಣ್ಣ ಕಡ್ಡಿ. ನನಗೆ ಜನರ ಮುಖ ಮರೆಯುತ್ತದೆ, ಹೆಬ್ಬೆಟ್ಟು ಮರೆಯುವುದಿಲ್ಲ. ಈ ಬೆರಳನ್ನು ನಾನು ಎಲ್ಲೋ ಹಿಡಿದಿದ್ದೇನೆ ಅನ್ನಿಸಿತು. ಎಲ್ಲಿ? ತೊಂಬತ್ತೆಂಟರಲ್ಲಿ ಇವನೂ ಅಣ್ಣಂದಿರೂ ಒಂದು ಹಲಸಿನ ಮರಕ್ಕಾಗಿ ಭಾಗದ ಕೇಸು ಹಾಕಿಕೊಂಡಿದ್ದರು. ರಾಜಿಯಾಗುವ ಹೊತ್ತಿಗೆ ಮರ ಗಾಳಿಗೆ ಬಿದ್ದುಹೋಗಿತ್ತು. ಆ ರಾಜಿಪತ್ರಕ್ಕೆ ಒತ್ತಿಸಿದವನು ನಾನೇ. ಅಲ್ಲೇ ನೋಡಿರಬೇಕು ಅಂತ ಸಮಾಧಾನ ಮಾಡಿಕೊಂಡೆ. ಆದರೂ ನೆನಪಿನ ಒಳಗೆ ಏನೋ ಒಂದು ಕೆರೆಯುತ್ತಲೇ ಇತ್ತು.

ಬೆರಳು ಯಾವಾಗ ಹೋಯಿತು, ಸರಿಯಾಗಿ ಹೇಳಿ ಅಂತ ವಕೀಲಮ್ಮ ಕೇಳಿದರು.

ಬೇಗೂರಿನ ಆಚೆಯ ಕಲ್ಲು ಪಾಲಿಶ್ ಫ್ಯಾಕ್ಟರಿಯಲ್ಲಿ, ೨೦೦೪ರ ಕಾರ್ತಿಕ ಮಾಸದ ಎರಡನೇ ಸೋಮವಾರ, ಲಾರಿಗೆ ಹತ್ತಿಸುವಾಗ ಕರಿಕಲ್ಲಿನ ಚಪ್ಪಡಿ ಜಾರಿ ಬಿತ್ತು. ಇಷ್ಟು ಚಿಕ್ಕಬಸವಯ್ಯ ಹೇಳಿದ. ಮಿಕ್ಕದ್ದು ಮೂಗಮ್ಮನ ಪಾಲು.

ಮೈಸೂರಿನ ಆಸ್ಪತ್ರೆಯಲ್ಲಿ ಈ ಬೆರಳು ಇನ್ನು ಕೂರುವುದಿಲ್ಲ ಅಂದರಂತೆ. ಅಲ್ಲಿನ ಆಳು ಅದನ್ನು ಕಸದ ಬುಟ್ಟಿಗೆ ಹಾಕಲು ಹೋದ. ಮೂಗಮ್ಮನ ಅತ್ತೆ ಅಡ್ಡ ನಿಂತಳು. ಇಪ್ಪತ್ತು ವರ್ಷ ದುಡಿದು ಮನೆ ಸಾಕಿದ ಬೆರಳನ್ನು ನಾಯಿ ಪಾಲು ಮಾಡುತ್ತೀಯಾ ಅಂತ ಅವನ ಮೇಲೆ ಬಿದ್ದಳು. ಕೊನೆಗೆ ಬುತ್ತಿ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದರು. ಕಂಡಕ್ಟರು ಡಬ್ಬಿಯಲ್ಲೇನು ಅಂತ ಕೇಳಲಿಲ್ಲ, ಕೇಳಿದ್ದರೆ ಅತ್ತೆ ಹೇಳಿಯೇ ಬಿಡುತ್ತಿದ್ದಳು. ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಮೂರನೇ ದಿನ, ಸತ್ತವರಿಗೆ ಬಿಡುವ ಹಾಗೆ, ಹಾಲುತುಪ್ಪ ಬಿಟ್ಟರು.

"ಬೆರಳಿಗೆ ಹಾಲುತುಪ್ಪ?" ವಕೀಲಮ್ಮ ಕೇಳಿದರು.

"ಇನ್ನೇನವ್ವ, ನಮ್ಮ ಮನೇದಲ್ವಾ ಅದು."

"ಯಾರಾದ್ರೂ ನೋಡಿದವರು ಇದಾರಾ?"

"ಅನ್ನೊಂದ್ ಜನ ಉಂಡವ್ರೆ. ನಮ್ ವಾರ್ಗಿತ್ತಿ ಎಲ್ಡ್ ದಪ ಪಾಯ್ಸ ಆಕಿಸ್ಕಂಡ್ಲು. ಕರೀರಿ, ಬಂದು ಏಳ್ತಳೆ."

ವಕೀಲಮ್ಮ ಅದನ್ನೆಲ್ಲ ಬರೆದುಕೊಂಡರು. ಪಾಯಸದ ಹತ್ತಿರ ಬಂದಾಗ ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಹಾಗೇ ನಿಂತರು. ಅವರ ಭುಜ ಅಲುಗುತ್ತಿತ್ತು.

ತಿರುಗಿದಾಗ ಮುಖ ನೆಟ್ಟಗಿತ್ತು. ೨೦೦೪ರಲ್ಲಿ ಮಣ್ಣಾದ ಬೆರಳು ೨೦೦೬ರಲ್ಲಿ ಒತ್ತಲು ಆಗುವುದಿಲ್ಲ ಅಂದರು. ಬೆರಳು ನಿಜ, ತಾರೀಕು ಸುಳ್ಳು. ಯಾರೋ ಖಾಲಿ ಕಾಗದಕ್ಕೆ ಮೊದಲೇ ಹೆಬ್ಬೆಟ್ಟು ಹಾಕಿಸಿ ಇಟ್ಟುಕೊಂಡು, ಬೇಕಾದಾಗ ಮೇಲೆ ಬರೆದುಕೊಂಡಿದ್ದಾರೆ.

ಬಾಗಿಲಲ್ಲಿ ಬಾಳೆಹಣ್ಣು ತಿನ್ನುತ್ತ ನಿಂತಿದ್ದ ಗಂಗಾಧರಸ್ವಾಮಿ, ಹಾಲುತುಪ್ಪ ಸರಿಯಾಗಿ ಬಿಡದಿದ್ದರೆ ಎದ್ದು ಬಂದು ಒತ್ತಿದರೂ ಒತ್ತಿತು ಅಂದ. ಮೂಗಮ್ಮ ಅವನ ಕಡೆ ನೋಡಿದ ನೋಟಕ್ಕೆ ಉಳಿದ ಹಣ್ಣನ್ನು ಜೇಬಿಗೆ ಹಾಕಿಕೊಂಡು ಮರದ ಕೆಳಗೆ ಹೋದ.

ಖಾಲಿ ಕಾಗದಕ್ಕೆ ಎಲ್ಲಿ ಒತ್ತಿದೆ ಅಂತ ಚಿಕ್ಕಬಸವಯ್ಯನನ್ನು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿದ. ರೇಷನ್ ಕಾರ್ಡಿಗೆ ಒತ್ತಿದ್ದ, ಸೊಸೈಟಿಯಲ್ಲಿ ಒತ್ತಿದ್ದ. ಎಲ್ಲಿ ಒತ್ತು ಅಂದರೆ ಅಲ್ಲಿ ಒತ್ತಿದ್ದ. ಆಮೇಲೆ ಒಂದು ನೆನಪಾಯಿತು. ಫ್ಯಾಕ್ಟರಿಯವರು ಎಲ್ಲ ಆಳುಗಳಿಗೂ ಒಟ್ಟಿಗೆ ವಿಮೆ ಮಾಡಿಸಿದ ವರ್ಷ, ಹಾಜರಿ ಬರೆಯುವ ರೈಟರ್ ಮರಿಮಲ್ಲಪ್ಪ ನಲವತ್ತು ಜನರನ್ನೂ ಟೆಂಪೋದಲ್ಲಿ ತುಂಬಿಕೊಂಡು ಪೇಟೆಗೆ ಕರೆದುಕೊಂಡು ಬಂದಿದ್ದ. ಎಲ್ಲೋ ಒಂದು ಕಡೆ ಸಾಲಾಗಿ ನಿಲ್ಲಿಸಿ ಒತ್ತಿಸಿದ. ಆಮೇಲೆ ಬೋಂಡ ಕೊಡಿಸಿದ.

ಇಂಕು ಹಚ್ಚಿ ಒತ್ತಿಸಿದವರು ಯಾರು?

"ಅವ್ರ ಮೊಕ ಯಾರ್ ನೋಡುದ್ರು ಬುಡಣ್ಣ. ಬೋಂಡ ತಣ್ಗಾಯ್ತಾ ಇತ್ತು."

ವಕೀಲಮ್ಮ ಚುರುಕಾದರು. ಬೆರಳು ಹೋದದ್ದು ಹೇಗೆ, ಮಣ್ಣಾದದ್ದು ಯಾವತ್ತು, ಎಲ್ಲ ಸೇರಿಸಿ ಗಂಗಾಧರಸ್ವಾಮಿಯಿಂದ ಒಂದು ಪ್ರಮಾಣಪತ್ರ ಟೈಪು ಮಾಡಿಸಿದರು. ಈ ಸಲ ಬಲಗೈ ಹೆಬ್ಬೆಟ್ಟು. ಇಂಕಿನ ಡಬ್ಬಿ ತೆಗೆದೆ. ಬಹಳ ಹಳೆಯ ತಗಡಿನ ಡಬ್ಬಿ. ಅದರ ಮುಚ್ಚಳದ ಅಂಚು ಒಂದು ಸಲ ನನ್ನ ಬಲಗೈ ತೋರುಬೆರಳನ್ನು ಕಚ್ಚಿ, ಬೆರಳ ತುದಿಗೆ ಓರೆಯಾಗಿ ಒಂದು ಕಚ್ಚು ಬಿಟ್ಟಿದೆ. ಅಂದಿನಿಂದ ಹುಷಾರಾಗಿ ತೆಗೆಯುತ್ತೇನೆ.

ಒತ್ತಿಸುವುದಕ್ಕೆ ನನ್ನದೇ ಒಂದು ರೀತಿ ಇದೆ. ಬೆರಳನ್ನು ಇಂಕಿನ ಮೇಲೆ ಹೊರಳಿಸಿ, ಕಾಗದದ ಮೇಲೆ ಇಟ್ಟು, ಉಗುರಿನ ಮೇಲೆ ನನ್ನ ತೋರುಬೆರಳನ್ನು ಊರಿ, ಎಡದಿಂದ ಬಲಕ್ಕೆ ಒಂದೇ ಉಸಿರಿನಲ್ಲಿ ಉರುಳಿಸುತ್ತೇನೆ. ಗೆರೆಯೆಲ್ಲ ಎದ್ದು ಕಾಣುತ್ತದೆ. ಆದರೆ ಇಂಕು ತಾಗಿದ ನನ್ನ ಬೆರಳು ಬದಿಗೆ ಜಾರಿ ಅದರ ಗುರುತೂ ಅರ್ಧ ಬೀಳುತ್ತದೆ. ಸಾಹೇಬರುಗಳೂ ಬೈದಿದ್ದಾರೆ. ಆ ಚಾಳಿ ಹೋಗಿಲ್ಲ.

ಈಗಲೂ ಹಾಗೇ ಆಯಿತು. ವಕೀಲಮ್ಮ ನೋಡಿ, ಇದು ನಡೆಯುವುದಿಲ್ಲ ಬೆಟ್ಟಯ್ಯನವರೇ, ಇನ್ನೊಂದು ಪ್ರತಿಗೆ ಸರಿಯಾಗಿ ಒತ್ತಿಸಿ ಅಂದರು. ಕೆಟ್ಟ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. ಹಾಳೆಯ ಹಿಂಬದಿ ಖಾಲಿಯಿತ್ತು, ಅವರು ಯಾವ ಕಾಗದವನ್ನೂ ಎಸೆಯುವವರಲ್ಲ.

ಕಂಪನಿಯವರ ಹತ್ತಿರ ಇರುವ ಅಸಲು ಕಾಗದವನ್ನೇ ನೋಡಬೇಕು, ನಾಳೆ ಶುಕ್ರವಾರ ಎಲ್ಲರೂ ಚಾಮರಾಜನಗರಕ್ಕೆ ಹೋಗೋಣ ಅಂದರು. ಹೊರಡುವ ಮುಂಚೆ ಚಿಕ್ಕಬಸವಯ್ಯನಿಗೆ ಒಂದು ಪಾಠ ಹೇಳಿಕೊಟ್ಟರು. ಕಂಪನಿಯವರು ಹೇಗಿದ್ದೀರಿ ಅಂತ ಕೇಳಿದರೆ ಚೆನ್ನಾಗಿಲ್ಲ ಅನ್ನಬೇಕು. ನೋವಿದೆ ಅನ್ನಬೇಕು. ಅಷ್ಟೇ.

ಅವನಿಗೆ ಅದು ನುಂಗಲಾಗಲಿಲ್ಲ. ಮುಖ ಕಂಡ ಕೂಡಲೇ ಚೆನ್ನಾಗಿಲ್ಲ ಅಂದರೆ ಕೇಳಿದವರ ಮನಸ್ಸಿಗೆ ಏನನ್ನಿಸುತ್ತದೆ ಅಂತ ಅವನ ಪ್ರಶ್ನೆ. ಮೂಗಮ್ಮ ರಾತ್ರಿ ಕಲಿಸುತ್ತೇನೆ ಅಂತ ಒಪ್ಪಿಕೊಂಡಳು.

*

ಭದ್ರಛತ್ರ ವಿಮಾ ಕಂಪನಿಯ ಶಾಖೆ ಚಾಮರಾಜನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿತ್ತು. ಮೂವತ್ತೆರಡು ಮೆಟ್ಟಿಲು. ಗೋಡೆಯ ಮೇಲೆ ಬಾಣದ ಗುರುತು ಹಾಕಿ 'ಅಂಗವೈಕಲ್ಯ ವಿಭಾಗ, ಮೇಲೆ' ಅಂತ ಬರೆದಿದ್ದರು.

ಚಿಕ್ಕಬಸವಯ್ಯ ಮೊದಲ ಮೆಟ್ಟಿಲನ್ನು ನೋಡಿದ. ಒಂದು ಕಾಲು ಎತ್ತಿಯೇ ಬಿಟ್ಟ.

ವಕೀಲಮ್ಮ ಅವನ ರಟ್ಟೆ ಹಿಡಿದು ನಿಲ್ಲಿಸಿದರು. ಹತ್ತಿದರೆ ಗುಣವಾಗಿದ್ದಾನೆ ಅಂತ ಬರೆದುಕೊಳ್ಳುತ್ತಾರೆ, ಹತ್ತದಿದ್ದರೆ ಖುದ್ದು ಹಾಜರಾಗಲಿಲ್ಲ ಅಂತ ಬರೆದುಕೊಳ್ಳುತ್ತಾರೆ ಅಂದರು. ಹಾಗಿದ್ದರೆ ಅವರೇ ಇಳಿದು ಬರಲಿ ಅಂತ ಮೂಗಮ್ಮ ತೀರ್ಮಾನ ಕೊಟ್ಟಳು. ನಾನು ಹತ್ತಿ ಹೋಗಿ ಹೇಳಿದೆ. ನನಗೂ ಅರವತ್ತೆರಡು, ನಡುವೆ ಎರಡು ಸಲ ಕೂತೆ.

ತಪಾಸಣೆಯ ಅಧಿಕಾರಿ ಸುಧಾಕರ್ ಫೈಲು ಹಿಡಿದುಕೊಂಡು ಇಳಿದು ಬಂದ. ಮೂವತ್ತೈದರ ಆಸುಪಾಸಿನ ಸಣ್ಣ ಆಸಾಮಿ, ಟೈ ಕಟ್ಟಿದ್ದ, ಸೆಖೆಗೆ ಅದು ವಾರೆಯಾಗಿತ್ತು. ಕೆಟ್ಟವನ ಹಾಗೆ ಕಾಣಲಿಲ್ಲ. ದಿನಾ ಮೂವತ್ತೆರಡು ಮೆಟ್ಟಿಲು ಹತ್ತಿ ಇಳಿಯುವವನ ಹಾಗೆ ಕಾಣುತ್ತಿದ್ದ.

"ನಮಸ್ಕಾರ ಚಿಕ್ಕಬಸವಯ್ಯ," ಅಂದ. "ಹೇಗಿದ್ದೀರಿ?"

ನಾವು ಮೂವರೂ ಚಿಕ್ಕಬಸವಯ್ಯನ ಕಡೆ ನೋಡಿದೆವು.

ಅವನು ಬಲಗೈಯನ್ನು ಎದೆಗಿಟ್ಟುಕೊಂಡು ಸೊಂಟ ಬಗ್ಗುವಷ್ಟು ಬಗ್ಗಿದ. "ಚೆಂದಾಗಿವ್ನಿ ಬುದ್ದಿ. ತಾವ್ ಚೆಂದಾಗಿದ್ದೀರಾ?"

ವಕೀಲಮ್ಮ ಕಣ್ಣು ಮುಚ್ಚಿಕೊಂಡರು.

"ಬುದ್ದಿ, ಅದ ಬರ್ಕಬ್ಯಾಡಿ," ಅಂದಳು ಮೂಗಮ್ಮ. "ಇವ್ರು ಮೂರ್ ದಿನ ಗ್ಯಾನ ಇಲ್ದೆ ಮನಗಿದ್ದು ಎದ್ದಾಗ್ಲೂ ಡಾಕ್ಟ್ರಿಗೆ ಇದ್ನೇ ಅಂದಿದ್ದು."

ಬಟ್ಟೆ ಅಂಗಡಿಯ ಪಕ್ಕ ಎಳನೀರು ಮಾರುವವನು ಕತ್ತಿ ಕೆಳಗಿಟ್ಟು ನಮ್ಮ ಕಡೆ ತಿರುಗಿ ನಿಂತ. ವಕೀಲಮ್ಮ ಕಾಲ ಕಳೆಯಲಿಲ್ಲ. ಹೇಳಿಕೆಯ ಜೆರಾಕ್ಸನ್ನು ಸುಧಾಕರನ ಮುಂದೆ ಹಿಡಿದು, ಇದು ಯಾವ ಕೈಯ ಹೆಬ್ಬೆಟ್ಟು ಅಂತ ಕೇಳಿದರು.

ಅವನು ಅಚ್ಚಿನ ಅಕ್ಷರ ನೋಡಿ, ಎಡಗೈ ಅಂದ. ಗಂಡಸರಿಗೆಲ್ಲ ಎಡಗೈಯೇ ಅಲ್ಲವೇ ಅಂದ.

"ಚಿಕ್ಕಬಸವಯ್ಯ, ಟವೆಲ್ ತೆಗೀರಿ."

ಅವನು ತೆಗೆಯಲಿಲ್ಲ. ಬೀದಿ ನೋಡಿದ, ಎಳನೀರಿನವನನ್ನು ನೋಡಿದ, ಬಟ್ಟೆ ಅಂಗಡಿಯ ಹೆಂಗಸರನ್ನು ನೋಡಿದ. ಮೂಗಮ್ಮ ತಾನೇ ಕೈ ಹಾಕಿ ಬಿಚ್ಚಿದಳು.

ಸುಧಾಕರ್ ಆ ಕೈಯನ್ನು ನೋಡಿ ಮೆಟ್ಟಿಲ ಮೇಲೆ ಕೂತುಬಿಟ್ಟ.

"ನಾನು ನಿಮ್ಮ ಮನೆಗೇ ಬಂದಿದ್ದೆ," ಅಂದ. "ಅರ್ಧ ಗಂಟೆ ನಿಮ್ಮ ಎದುರಿಗೇ ಕೂತಿದ್ದೆ. ಫೈಲಿನಲ್ಲಿ ಸೊಂಟದ ಏಟು ಮಾತ್ರ ಬರೆದಿತ್ತು. ಇದನ್ನ ತೋರಿಸಲೇ ಇಲ್ಲವಲ್ರೀ."

"ತಾವು ಕಾಪಿ ಕುಡೀತಾ ಇದ್ರಿ ಬುದ್ದಿ," ಅಂದ ಚಿಕ್ಕಬಸವಯ್ಯ. "ಮನ್ಗ್ ಬಂದೋರು ಬಾಯ್ಗೆ ಲೋಟ ಇಟ್ಟಿರ್ವಾಗ ಇಂತಾ ಕೈಯ ಎಂಗ್ ತೋರ್ಸದು? ಅದ್ಕೇ ಮುಚ್ಕಂಡಿದ್ದಿ."

ಅಂಗವಿಕಲನನ್ನು ಪರೀಕ್ಷೆ ಮಾಡಲು ಕಂಪನಿ ಕಳಿಸಿದ ಅಧಿಕಾರಿ ಕಾಫಿ ಕುಡಿದು, ಕುಶಲ ಕೇಳಿ, ಕೈ ನೋಡದೆ ಬಂದಿದ್ದ. ಮನೆಯವನು ಮರ್ಯಾದೆಗೆ ಮುಚ್ಚಿಕೊಂಡಿದ್ದ, ಬಂದವನು ಮರ್ಯಾದೆಗೆ ಕೇಳಿರಲಿಲ್ಲ.

ಅವತ್ತು ನಮ್ಮ ಮನೆಯಲ್ಲಿ ಇಂಕು ಎಲ್ಲಿತ್ತು ಅಂತ ಮೂಗಮ್ಮ ಕೇಳಿದಳು. ಮೆಲ್ಲಗೆ ಕೇಳಿದಳು. ಅದಕ್ಕೇ ಇರಬೇಕು, ಸುಧಾಕರ್ ತಲೆ ಎತ್ತಲಿಲ್ಲ.

ಅವನು ಟೈ ಸಡಿಲಿಸಿಕೊಂಡು ಒಂದೊಂದಾಗಿ ಹೇಳಿದ. ಮನೆ ತೋರಿಸಲು ಜೊತೆಗೆ ಬಂದವನು ಫ್ಯಾಕ್ಟರಿಯ ರೈಟರ್ ಮರಿಮಲ್ಲಪ್ಪ. ಆಳುಗಳು ಹೊಸಬರನ್ನು ಕಂಡರೆ ನಾಚುತ್ತಾರೆ, ಹೆಬ್ಬೆಟ್ಟು ನಾನು ಹಾಕಿಸಿ ಕಳಿಸುತ್ತೇನೆ ಅಂದ. ಎರಡು ದಿನ ಬಿಟ್ಟು ಕಾಗದ ಬಂತು. ಮೇಲೆ ಹೇಳಿಕೆ, ಕೆಳಗೆ ಹೆಬ್ಬೆಟ್ಟು. ಸುಧಾಕರ್ ಅದಕ್ಕೆ 'ನನ್ನ ಸಮಕ್ಷಮ' ಅಂತ ಸಹಿ ಹಾಕಿದ. ಮರಿಮಲ್ಲಪ್ಪನಿಗೆ ಇದರಿಂದ ಏನು ಲಾಭ ಅಂತ ವಕೀಲಮ್ಮ ಕೇಳಿದರು. ಪರಿಹಾರ ಪಡೆಯುವ ಆಳುಗಳು ಕಡಿಮೆಯಾದಷ್ಟೂ ಫ್ಯಾಕ್ಟರಿ ಕಟ್ಟುವ ವಿಮೆಯ ಕಂತು ಇಳಿಯುತ್ತದೆ, ಅಷ್ಟು ನನಗೆ ಗೊತ್ತು ಅಂದ ಸುಧಾಕರ್.

"ಅಸಲು ತೋರಿಸಿ," ಅಂದರು ವಕೀಲಮ್ಮ.

ಫೈಲು ಬಿಚ್ಚಿದ. ನಾವು ನಾಲ್ವರೂ ಮೆಟ್ಟಿಲ ಮೇಲೆ ಬಾಗಿದೆವು. ಎಳನೀರಿನವನು ಐದನೆಯವನು.

ಜೆರಾಕ್ಸಿನಲ್ಲಿ ಕಪ್ಪಗೆ ಕಂಡದ್ದು ಇಲ್ಲಿ ನೇರಳೆ ಬಣ್ಣ. ಮೀನಿನ ಮುಳ್ಳು ಒಂದೊಂದು ಕಡ್ಡಿಯೂ ಎಣಿಸುವ ಹಾಗಿತ್ತು. ಒಳ್ಳೆಯ ಕೈಯ ಕೆಲಸ, ಒತ್ತಿಸಿದವನು ಕಸುಬು ಬಲ್ಲವನು ಅಂತ ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ವಕೀಲಮ್ಮ ಇನ್ನೊಂದನ್ನು ಕಂಡರು. ಹೆಬ್ಬೆಟ್ಟಿನ ಬಲಕ್ಕೆ, ಜೆರಾಕ್ಸಿನಲ್ಲಿ ಮಾಸಿಹೋಗಿದ್ದ ಜಾಗದಲ್ಲಿ, ಬೇರೆ ಒಂದು ಬೆರಳಿನ ಅರ್ಧ ಗುರುತು ತಿಳಿಯಾಗಿ ಬಿದ್ದಿತ್ತು. ಅದರ ತುದಿಯಲ್ಲಿ ಓರೆಯಾಗಿ ಒಂದು ಕಚ್ಚು.

"ಇದು ಒತ್ತಿಸಿದವನ ಬೆರಳು," ಅಂದರು.

ಸುಧಾಕರ್ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಒಳ್ಳೆಯ ಮಾತೊಂದನ್ನು ಹೇಳಿದ. ಈ ಕಾಗದ ಬರೀ ಹೀಗೇ ವೇದಿಕೆಯ ಮುಂದೆ ಹೋದರೆ ಕಂಪನಿಯ ವಕೀಲರು ಬೆರಳಚ್ಚಿನ ತಜ್ಞರಿಗೆ ಕಳಿಸಿ ಅನ್ನುತ್ತಾರೆ, ತಜ್ಞರ ವರದಿಗೆ ಎರಡು ವರ್ಷವಾದರೂ ಆಗುತ್ತದೆ, ಅಲ್ಲಿಯವರೆಗೂ ಪರಿಹಾರವಿಲ್ಲ. ಆದರೆ ಒತ್ತಿಸಿದ ಮನುಷ್ಯ ಸೋಮವಾರ ತಾನಾಗಿ ಬಂದು, ಇದು ಖಾಲಿ ಕಾಗದಕ್ಕೆ ನಾನು ಒತ್ತಿಸಿದ್ದು, ಇಂಥ ವರ್ಷ ಒತ್ತಿಸಿದ್ದು ಅಂತ ಹೇಳಿದರೆ, ಅಲ್ಲಿಗೆ ಮುಗಿಯಿತು. ತಿಂಗಳ ಪರಿಹಾರ ಮತ್ತೆ ಶುರು ಮಾಡಲು ತಾನೇ ಮೇಲಕ್ಕೆ ಬರೆಯುತ್ತೇನೆ, ತನ್ನ ಕೆಲಸ ಹೋದರೂ ಹೋಗಲಿ ಅಂದ.

ಒತ್ತಿಸಿದವನು ಮರಿಮಲ್ಲಪ್ಪನೇ ಇರಬೇಕು ಅಂದಳು ಮೂಗಮ್ಮ.

"ಅಲ್ಲ," ಅಂದ ಸುಧಾಕರ್. "ಅವರು ಇಂಕು ಮುಟ್ಟೋರಲ್ಲ, ಬಿಳೀ ಶರಟು. ವಿಮೆ ಮಾಡಿಸಿದ ವರ್ಷ ಗುಂಡ್ಲುಪೇಟೆ ಕೋರ್ಟ್ ಹತ್ತಿರ ಯಾವನೋ ಮುದುಕನ್ನ ಹಿಡಿದು ನಲವತ್ತು ಜನಕ್ಕೂ ಒತ್ತಿಸಿದೆ ಅಂತ ಒಂದ್ಸಲ ಹೇಳ್ತಾ ನಗ್ತಾ ಇದ್ರು. ಎರಡು ಬೋಂಡಕ್ಕೆ ಇಡೀ ಮಧ್ಯಾಹ್ನ ದುಡಿದನಂತೆ."

ವಕೀಲಮ್ಮ ನನ್ನ ಕಡೆ ತಿರುಗಿದರು. ಅವರ ಮುಖ ದೀಪ ಹಚ್ಚಿದ ಹಾಗಿತ್ತು.

"ಬೆಟ್ಟಯ್ಯನವರೇ, ಆ ಕಾಂಪೌಂಡಿನಲ್ಲಿ ನಿಮಗೆ ಗೊತ್ತಿಲ್ಲದೋರು ಯಾರಿದಾರೆ? ಸೋಮವಾರದೊಳಗೆ ಅವನನ್ನ ಹಿಡಿದು ಕೊಡಿ."

ಆಗಲಿ ತಾಯಿ ಅಂದೆ.

ನನ್ನ ಬಾಯಿಂದಲೇ ಬಂತು ಆ ಮಾತು.

*

ವಾಪಸು ಬರುವಾಗ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಜಾಗ ಸಿಕ್ಕಿತು. ವಕೀಲಮ್ಮ, ಮೂಗಮ್ಮ ಮುಂದಿನ ಸೀಟಿನಲ್ಲಿ. ಹಿಂದೆ ಕಿಟಕಿಗೆ ನಾನು, ಪಕ್ಕದಲ್ಲಿ ಕಾಲು ಚಾಚಿಕೊಂಡು ಓರೆಯಾಗಿ ಚಿಕ್ಕಬಸವಯ್ಯ. ಎಳನೀರಿನವನು ಅವನಿಗೆ ಒಂದು ಎಳನೀರು ಪುಕ್ಕಟೆ ಕೊಟ್ಟಿದ್ದ. ಅದರ ಖುಷಿ ಇನ್ನೂ ಅವನ ಮುಖದಲ್ಲಿತ್ತು.

ನಾನು ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ತೋರುಬೆರಳನ್ನು ನೋಡಿದೆ.

ತೊಂಬತ್ತೆಂಟು ಅಲ್ಲ. ಹಲಸಿನ ಮರದ ಕೇಸೂ ಅಲ್ಲ. ಕೆರೆಯುತ್ತಿದ್ದದ್ದು ಈಗ ಪೂರ್ತಿ ಮೇಲೆ ಬಂತು. ೨೦೦೩, ಶ್ರಾವಣ. ಪಿಂಚಣಿ ಬಂದು ಒಂದು ವರ್ಷವಾಗಿತ್ತು. ಮನೆಯಲ್ಲಿ ಕೂರಲಾರದೆ ಗಂಗಾಧರಸ್ವಾಮಿಯ ಬೆಂಚಿನ ತುದಿಯಲ್ಲಿ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದೆ. ಅವತ್ತು ಅವನು ಮೈಸೂರಿಗೆ ಹೋಗಿದ್ದ. ಒಂದು ಟೆಂಪೋ ಬಂತು. ಬಿಳೀ ಶರಟಿನ ಮನುಷ್ಯ ಇಳಿದ. ವಿಮೆಯ ಕಾಗದ ಸ್ವಾಮಿ, ಆಮೇಲೆ ಟೈಪು ಮಾಡಿಸುತ್ತೇವೆ ಅಂದ. ಒಬ್ಬೊಬ್ಬರಿಗೆ ಮೂರು ಹಾಳೆ.

ಹಾಳೆ ಖಾಲಿಯಿದ್ದದ್ದು ನನಗೆ ಕಂಡಿತ್ತು. ಓದು ನಿಧಾನವಾದವನಿಗೆ ಖಾಲಿ ಹಾಳೆ ಕಂಡರೆ ಒಂದು ಆರಾಮು. ಓದುವ ಕಷ್ಟವಿಲ್ಲವಲ್ಲ ಅಂದುಕೊಂಡಿರಬೇಕು. ಸಾಲಿನಲ್ಲಿ ಹದಿನಾರನೆಯದೋ ಹದಿನೇಳನೆಯದೋ ಒಂದು ಗಟ್ಟಿ ಬೆರಳು ಬಂತು, ನಡುವೆ ಮೀನಿನ ಮುಳ್ಳು. ಚೆಂದದ ಬೆರಳು ಅಂತ ಅದನ್ನು ಸ್ವಲ್ಪ ಹೆಚ್ಚೇ ಶ್ರದ್ಧೆಯಿಂದ ಉರುಳಿಸಿದ್ದೆ. ಆ ಬೆರಳ ಒಡೆಯನ ಮುಖ ನೋಡಿರಲಿಲ್ಲ. ಬೋಂಡ ತಣ್ಣಗಾಗುತ್ತದೆ ಅಂತ ನನಗೂ ಅವಸರವಿತ್ತು.

ನಲವತ್ತು ಜನ, ತಲೆಗೆ ಮೂರು ಹಾಳೆ. ಒಂದು ಹಾಳೆ ಈಗ ಸುಧಾಕರನ ಫೈಲಿನಲ್ಲಿದೆ. ಮಿಕ್ಕವೆಲ್ಲ ಮರಿಮಲ್ಲಪ್ಪನ ಬೀರುವಿನಲ್ಲಿ, ಯಾವ ಆಳಿಗೆ ಯಾವತ್ತು ಕಲ್ಲು ಬೀಳುತ್ತದೋ ಅಂತ ಕಾಯುತ್ತಿರಬೇಕು.

ಸೋಮವಾರ ಒಬ್ಬ ಜವಾನ ಬಾಗಿಲಿಗೆ ಬಂದು ಹೆಸರು ಕೂಗುತ್ತಾನೆ. ಮೂವತ್ತೊಂದು ವರ್ಷ ನಾನು ಬೇರೆಯವರನ್ನು ಹಾಗೇ ಮೂರು ಸಲ ಕೂಗಿದ್ದೇನೆ. ಖಾಲಿ ಕಾಗದಕ್ಕೆ ನಲವತ್ತು ಜನರ ಹೆಬ್ಬೆಟ್ಟು ಒತ್ತಿಸಿದವನು ನಾನು ಅಂತ ಒಪ್ಪಿಕೊಂಡ ಮೇಲೆ, ನನ್ನ ಪಿಂಚಣಿ ಏನಾಗುತ್ತದೋ, ಆ ಬೇವಿನ ಮರದ ಕೆಳಗೆ ಯಾರು ನನ್ನ ಮುಖ ನೋಡುತ್ತಾರೋ. ಹೇಳದೆ ಇದ್ದರೆ ತಜ್ಞರು, ಎರಡು ವರ್ಷ, ಮೂಗಮ್ಮನ ಹಳದಿ ಬೆರಳು.

ಭುಜದ ಮೇಲಿದ್ದ ಟವೆಲು ಯಾವಾಗ ಕೈಗೆ ಬಂತೋ ಗೊತ್ತಿಲ್ಲ.

ಮುಂದಿನ ಸೀಟಿನಲ್ಲಿ ವಕೀಲಮ್ಮ ಚೀಲದಿಂದ ಒಂದು ಮಡಿಸಿದ ಹಾಳೆ ತೆಗೆದು, ಅದರ ಖಾಲಿ ಬದಿಯಲ್ಲಿ ಸೋಮವಾರದ ಸಾಕ್ಷಿಗಳ ಪಟ್ಟಿ ಬರೆಯತೊಡಗಿದರು. ಮೂಗಮ್ಮ ವಾರಗಿತ್ತಿಯ ಹೆಸರು ಹೇಳುತ್ತಿದ್ದಳು. ನಿನ್ನೆ ಕೆಟ್ಟುಹೋದ ಪ್ರಮಾಣಪತ್ರದ ಹಾಳೆ ಅದು. ಬಸ್ಸು ಹಳ್ಳದಲ್ಲಿ ಕುಕ್ಕಿತು. ಹಾಳೆ ಅವರ ಕೈಯಿಂದ ಜಾರಿ ಮಡಿಲಿನ ಮೇಲೆ ಮಗುಚಿ ಬಿತ್ತು. ಎತ್ತಿಕೊಳ್ಳಲು ಹೋದವರು ಎತ್ತಿಕೊಳ್ಳಲಿಲ್ಲ. ಪೆನ್ನು ಗಾಳಿಯಲ್ಲೇ ನಿಂತಿತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೂ ಹತ್ತಿರ ಹಿಡಿದರು.

ಪಕ್ಕದಲ್ಲಿ ಚಿಕ್ಕಬಸವಯ್ಯ ನನ್ನ ಮಡಿಲನ್ನೇ ನೋಡುತ್ತಿದ್ದ.

"ಯಾಕಣ್ಣ," ಅಂದ ಮೆಲ್ಲಗೆ. "ನೀನೂ ಕೈ ಮುಚ್ಕಂಡ್ ಕುಂತಿದ್ದೀಯೆ?"